ಕಂತು ತಪ್ಪಿದರೆ ಬಣ್ಣ ಹೇಳುತ್ತದೆ



ನಮ್ಮ ಸಂಘಗಳ ಪಂಚಸೂತ್ರದಲ್ಲಿ ಸಕಾಲದ ಸಾಲ ಮರುಪಾವತಿಯೂ ಇದೆ, ಸರಿಯಾದ ಲೆಕ್ಕಪುಸ್ತಕವೂ ಇದೆ. ಒಂದು ತಪ್ಪಿದರೆ ಇನ್ನೊಂದೂ ತಪ್ಪುತ್ತದೆ. ಸಭೆಯಲ್ಲಿ ಇಪ್ಪತ್ತು ಜನರ ಹಣ ಎಣಿಸಿ, ಬರೆದು, ಸಹಿ ಹಾಕಿಸುವ ಗಡಿಬಿಡಿಯಲ್ಲಿ ಯಾರೋ ಒಬ್ಬರು 500 ರೂಪಾಯಿ ಬದಲು 300 ಕಟ್ಟಿದ್ದು ಗಮನಕ್ಕೇ ಬರುವುದಿಲ್ಲ. ನಾಲ್ಕು ಕಂತು ಹೀಗೇ ಕಳೆದರೆ ಬಾಕಿ 800 ಆಗಿರುತ್ತದೆ. ಕಟ್ಟುವವರಿಗೂ ಕಷ್ಟ, ಕೇಳುವವರಿಗೂ ಮುಜುಗರ.

ಲೆಕ್ಕವನ್ನು ಕಂಪ್ಯೂಟರಿನಲ್ಲೂ ಇಡುವ ಸಂಘಗಳಿಗೆ ಇದಕ್ಕೊಂದು ಸುಲಭ ದಾರಿ ಇದೆ. ಹೆಸರು 'ಕಂಡೀಷನಲ್ ಫಾರ್ಮ್ಯಾಟಿಂಗ್'. ಅಂದರೆ, ಒಂದು ಮನೆಯಲ್ಲಿರುವ ಅಂಕಿಯನ್ನು ನೋಡಿಕೊಂಡು ಇನ್ನೊಂದು ಮನೆಗೆ ತಾನಾಗಿಯೇ ಬಣ್ಣ ಬರುವಂತೆ ಮಾಡುವುದು.

ಎಕ್ಸೆಲ್‌ನಲ್ಲಿ ಮಾಡುವ ವಿಧಾನ:

1. ಮೊದಲ ಸಾಲಿನಲ್ಲಿ ತಲೆಬರಹ ಬರೆಯಿರಿ. ಎ ಕಾಲಂನಲ್ಲಿ ಹೆಸರು, ಬಿ ಕಾಲಂನಲ್ಲಿ ಕಟ್ಟಬೇಕಾದ ಕಂತು, ಸಿ ಕಾಲಂನಲ್ಲಿ ಕಟ್ಟಿದ ಹಣ. ಸದಸ್ಯೆಯರ ಹೆಸರು ಎರಡನೇ ಸಾಲಿನಿಂದ ಶುರುವಾಗಲಿ.

2. ಮೊದಲನೇ ಹೆಸರಿನಿಂದ ಕೊನೆಯ ಸದಸ್ಯೆಯ ಸಿ ಕಾಲಂವರೆಗೆ ಮೌಸ್ ಎಳೆದು ಆಯ್ಕೆ ಮಾಡಿರಿ. ತಲೆಬರಹ ಸೇರಿಸಬೇಡಿ.

3. 'ಹೋಮ್'ನಲ್ಲಿ 'ಕಂಡೀಷನಲ್ ಫಾರ್ಮ್ಯಾಟಿಂಗ್', ಅದರೊಳಗೆ 'ನ್ಯೂ ರೂಲ್' ಒತ್ತಿರಿ. ಬರುವ ಪಟ್ಟಿಯಲ್ಲಿ 'ಯೂಸ್ ಎ ಫಾರ್ಮುಲಾ' ಎಂದು ಶುರುವಾಗುವುದನ್ನು ಆರಿಸಿರಿ.

4. ಅಲ್ಲಿರುವ ಖಾಲಿ ಜಾಗದಲ್ಲಿ =$ಸಿ2<$ಬಿ2 ಎಂದು ಬರೆಯಿರಿ. ಸಿ, ಬಿ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. 'ಕಟ್ಟಿದ್ದು ಕಟ್ಟಬೇಕಾದ್ದಕ್ಕಿಂತ ಕಡಿಮೆಯೇ?' ಎಂದು ಕೇಳಿದ ಹಾಗೆ.

5. 'ಫಾರ್ಮ್ಯಾಟ್', ನಂತರ 'ಫಿಲ್' ಒತ್ತಿ ತಿಳಿ ಹಳದಿ ಬಣ್ಣ ಆರಿಸಿ 'ಓಕೆ' ಕೊಡಿರಿ.

ಡಾಲರ್ ಗುರುತು ಯಾಕೆ? ಅದು ಕಾಲಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದಿದ್ದರೆ ಹೆಸರಿನಿಂದ ಹಿಡಿದು ಇಡೀ ಸಾಲಿಗೆ ಬಣ್ಣ ಬರುತ್ತದೆ. 2ರ ಹಿಂದೆ ಡಾಲರ್ ಹಾಕಬೇಡಿ, ಹಾಕಿದರೆ ಎಲ್ಲರ ಲೆಕ್ಕಕ್ಕೂ ಮೊದಲನೆಯವರ ಅಂಕಿಯನ್ನೇ ನೋಡುತ್ತದೆ.

ಎರಡು ವಿಷಯ ನೆನಪಿರಲಿ. ಖಾಲಿ ಮನೆಯನ್ನು ಕಂಪ್ಯೂಟರ್ ಸೊನ್ನೆ ಎಂದು ತಿಳಿಯುತ್ತದೆ. ಆದ್ದರಿಂದ ಸಭೆಯ ಆರಂಭದಲ್ಲಿ ಎಲ್ಲ ಹೆಸರೂ ಹಳದಿಯಾಗಿರುತ್ತದೆ. ಹಣ ಬರೆದ ಹಾಗೆ ಬಣ್ಣ ಹೋಗುತ್ತದೆ, ಕೊನೆಗೆ ಉಳಿದವರು ಯಾರೆಂದು ಕಾಣುತ್ತದೆ. ಇನ್ನೊಂದು, '300 ರೂ' ಎಂದು ಬರೆಯಬೇಡಿ, 300 ಎಂದಷ್ಟೇ ಬರೆಯಿರಿ. ಅಕ್ಷರ ಸೇರಿದರೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಬಾಕಿ ಇದ್ದರೂ ಬಣ್ಣ ಬರುವುದಿಲ್ಲ.

ಕಂಪ್ಯೂಟರ್ ಇದೆ ಎಂದು ಸಂಘದ ಪುಸ್ತಕ, ಪಾಸ್ ಪುಸ್ತಕ ಬಿಡಬಾರದು. ಸಹಿ ಇರುವುದು ಅಲ್ಲೇ.

ಹಳದಿ ಬಣ್ಣ ಬಂದ ಅಕ್ಕ ಮೋಸಗಾರ್ತಿಯಲ್ಲ. ಮನೆಯಲ್ಲಿ ಕಾಯಿಲೆ ಇರಬಹುದು, ಕೂಲಿ ಸಿಗದೆ ಇರಬಹುದು, ಗಂಡ ಹಣ ಕಿತ್ತುಕೊಂಡಿರಬಹುದು. ಬಣ್ಣಕ್ಕೆ ಅದು ಗೊತ್ತಾಗುವುದಿಲ್ಲ, ಹೋಗಿ ಕೇಳಿದ ನಮಗೆ ಗೊತ್ತಾಗುತ್ತದೆ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ತಪ್ಪಿಹೋದ ಒಂದು ಕುರಿಗಾಗಿ ಕುರುಬ ಹುಡುಕುತ್ತಾ ಹೋದದ್ದು ಬೈಯುವುದಕ್ಕಲ್ಲ, ಕರೆತರುವುದಕ್ಕೆ.

ಸಭೆಯಲ್ಲಿ ಚರ್ಚಿಸಿರಿ: ಕಂತು ತಪ್ಪಿದ ಸದಸ್ಯೆಯ ಮನೆಗೆ ಅದೇ ವಾರ ಹೋಗುವವರು ಯಾರು? ಅವರಿಗೆ ಕಂತನ್ನು ಸಣ್ಣದು ಮಾಡಿಕೊಡಲು ನಮ್ಮ ಸಂಘದ ನಿಯಮದಲ್ಲಿ ಅವಕಾಶ ಇದೆಯೇ?