ಜ್ವರ ಬಿಟ್ಟರೂ ಬಿಡದ ಆಯಾಸ

ಜ್ವರ ಬಿಟ್ಟು ನಾಲ್ಕು ದಿನವಾದರೆ ಕಾಯಿಲೆ ಮುಗಿಯಿತೆಂದು ಮನೆಮಂದಿಯೆಲ್ಲ ನೆಮ್ಮದಿಪಡುತ್ತಾರೆ. ಗಂಜಿಯಿಂದ ಅನ್ನಕ್ಕೆ, ಹಾಸಿಗೆಯಿಂದ ಅಡುಗೆಮನೆಗೆ, ಅಲ್ಲಿಂದ ತೋಟಕ್ಕೆ - ಇದು ನಮ್ಮ ಮಲೆನಾಡಿನ ಮನೆಗಳ ಕ್ರಮ. ಹೆಚ್ಚಿನವರಿಗೆ ಇದು ಸರಿಹೋಗುತ್ತದೆ. ಆದರೆ ಕೆಲವರಲ್ಲಿ ಜ್ವರ ಹೋದರೂ ಅದು ತಂದ ಆಯಾಸ ಹೋಗುವುದಿಲ್ಲ. ತಿಂಗಳುಗಳು ಕಳೆಯುತ್ತವೆ, ಒಮ್ಮೊಮ್ಮೆ ವರ್ಷಗಳೂ ಕಳೆಯುತ್ತವೆ. ನೋಡಲು ಆರೋಗ್ಯವಾಗಿಯೇ ಕಾಣುವ ಮಗಳು, ಸೊಸೆ ಅಥವಾ ದುಡಿಯುವ ಮಗ "ನನ್ನಿಂದ ಆಗುತ್ತಿಲ್ಲ" ಎನ್ನುತ್ತಾರೆ. ನೀವು ಅಂಥವರಲ್ಲಿ ಒಬ್ಬರಾಗಿದ್ದರೆ, ಅಥವಾ ಅಂಥವರು ನಿಮ್ಮ ಮನೆಯಲ್ಲಿದ್ದರೆ, ಈ ಪಾಠ ನಿಮಗಾಗಿ.

ಯಾವ ಜ್ವರಗಳ ನಂತರ?

ಇದಕ್ಕೆ ಹೆಸರಾದದ್ದು ಗ್ರಂಥಿ ಜ್ವರ. ಇದನ್ನು ತರುವುದು ಎಪ್‌ಸ್ಟೈನ್-ಬಾರ್ ಎಂಬ ವೈರಸ್. 1964ರಲ್ಲಿ ಲಂಡನ್ನಿನಲ್ಲಿ ಇದನ್ನು ಕಂಡುಹಿಡಿದ ವಿಜ್ಞಾನಿಗಳ ಹೆಸರೇ ಇದಕ್ಕೆ ಬಂದಿದೆ. ವಿಪರೀತ ಗಂಟಲು ನೋವು, ಜ್ವರ, ಕುತ್ತಿಗೆಯ ಎರಡೂ ಕಡೆ ಗಡ್ಡೆಗಳಂತೆ ಊದಿದ ಗ್ರಂಥಿಗಳು ಮತ್ತು ಏಳಲಾಗದಷ್ಟು ಸುಸ್ತು ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಹೆಚ್ಚಿನ ಮಕ್ಕಳಿಗೆ ಎಳೆಯ ಪ್ರಾಯದಲ್ಲೇ ಈ ವೈರಸ್ ತಗಲಿ, ಸಾಮಾನ್ಯ ನೆಗಡಿಯಂತೆ ಗೊತ್ತಾಗದೆ ಹೋಗಿಬಿಡುತ್ತದೆ. ಆಗ ತಗಲದೆ ಹದಿಹರೆಯದಲ್ಲಿ ತಗಲಿದವರಿಗೆ ಕಾಟ ಜಾಸ್ತಿ.

ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಿಗೆ ಗ್ರಂಥಿ ಜ್ವರಕ್ಕಿಂತ ಪರಿಚಿತವಾದ ಜ್ವರಗಳು ಬೇರೆ ಇವೆ. ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಸತ್ತ ಮಂಗಗಳಿಂದ ಇದರ ವೈರಸ್ ಪತ್ತೆಯಾಯಿತು. ಕಾಡಿನ ಉಣುಗು ಕಚ್ಚುವುದರಿಂದ ಇದು ಬರುತ್ತದೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗುವ, ಅಡಿಕೆ-ಕಾಫಿ ತೋಟಗಳಲ್ಲಿ ದುಡಿಯುವ ಜನರೇ ಇದಕ್ಕೆ ಸಿಗುವುದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಇದರ ಕಾಲ. ಜ್ವರ ಒಮ್ಮೆ ಬಿಟ್ಟು, ಕೆಲವರಲ್ಲಿ ಒಂದೆರಡು ವಾರದ ಬಳಿಕ ತಲೆನೋವು, ನಡುಕ, ಮಂಕುತನದೊಂದಿಗೆ ಮತ್ತೆ ಬರುತ್ತದೆ. ಗುಣವಾದ ಮೇಲೂ ನಿಶ್ಶಕ್ತಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡನೆಯದು ಚಿಕೂನ್‌ಗುನ್ಯ. 2006ರಲ್ಲಿ ಕರ್ನಾಟಕದ ಊರೂರನ್ನೇ ಮಲಗಿಸಿದ ಈ ಜ್ವರದ ಗಂಟು ನೋವನ್ನು ವರ್ಷಗಳ ಕಾಲ ಅನುಭವಿಸಿದವರು ಬಹಳ ಮಂದಿ. ಡೆಂಗ್ಯೂ ಮತ್ತು ಕೋವಿಡ್ ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಇದು ಸೋಮಾರಿತನವೇ?

ಅಲ್ಲ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಅಲ್ಲಿ 253 ರೋಗಿಗಳನ್ನು ಜ್ವರ ಬಂದ ದಿನಗಳಿಂದಲೇ ಗಮನಿಸುತ್ತಾ ಹೋದರು. ಕೆಲವರಿಗೆ ಗ್ರಂಥಿ ಜ್ವರ, ಕೆಲವರಿಗೆ ಜಾನುವಾರುಗಳಿಂದ ಬರುವ ಕ್ಯೂ ಜ್ವರ, ಇನ್ನು ಕೆಲವರಿಗೆ ಚಿಕೂನ್‌ಗುನ್ಯದ ಸಂಬಂಧಿಯೇ ಆದ, ಸೊಳ್ಳೆಯಿಂದ ಹರಡುವ ರಾಸ್ ರಿವರ್ ಜ್ವರ. ಆರು ತಿಂಗಳ ನಂತರ ನೋಡಿದಾಗ ಸುಮಾರು ನೂರಕ್ಕೆ ಹನ್ನೆರಡು ಮಂದಿಯಲ್ಲಿ ಕೆಲಸ ಕೆಡಿಸುವಷ್ಟು ಆಯಾಸ ಉಳಿದಿತ್ತು. ಮೂರು ಬೇರೆ ಬೇರೆ ರೋಗಾಣುಗಳು, ಆದರೆ ಉಳಿದ ತೊಂದರೆ ಒಂದೇ ಬಗೆಯದು. ಯಾರಲ್ಲಿ ಅದು ಉಳಿಯಿತು ಎಂಬುದನ್ನು ಹೆಚ್ಚಾಗಿ ನಿರ್ಧರಿಸಿದ್ದು ಆರಂಭದ ಕಾಯಿಲೆಯ ತೀವ್ರತೆಯೇ ಹೊರತು ರೋಗಿಯ ಸ್ವಭಾವವಲ್ಲ.

ಆದ್ದರಿಂದ "ಮನಸ್ಸು ಗಟ್ಟಿ ಮಾಡಿಕೋ, ಎದ್ದು ಓಡಾಡು, ಎಲ್ಲ ಸರಿಹೋಗುತ್ತದೆ" ಎಂದು ಹೇಳುವ ಮೊದಲು ಯೋಚಿಸಿ. ಸೊಸೆಯ ಆಯಾಸವನ್ನು ಕೆಲಸಗಳ್ಳತನವೆಂದು ಕರೆದು ನೋಯಿಸಬೇಡಿ. ಕಣ್ಣು ದೃಷ್ಟಿ, ಮಾಟ ಎಂದುಕೊಂಡು ಊರಿಂದೂರಿಗೆ ಅಲೆದು ದುಡ್ಡು, ದಿನ ಎರಡನ್ನೂ ಕಳೆಯಬೇಡಿ. ದುಆ ಮಾಡಿ, ಅದರ ಜೊತೆಗೆ ಚಿಕಿತ್ಸೆಯನ್ನೂ ಮಾಡಿಸಿ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ.

ಮೊದಲು ಬೇರೆ ಕಾರಣ ಹುಡುಕಿ

ಎಲ್ಲ ಆಯಾಸವನ್ನೂ ಹಳೆಯ ಜ್ವರದ ತಲೆಗೆ ಕಟ್ಟುವುದು ಅಪಾಯ. ಗುಣಪಡಿಸಬಹುದಾದ ಎಷ್ಟೋ ಕಾಯಿಲೆಗಳು ಆಯಾಸದ ವೇಷದಲ್ಲೇ ಬರುತ್ತವೆ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೀಗಾಗಿ ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದರೆ ಬಿ12 ಮತ್ತು ಡಿ ವಿಟಮಿನ್ ಕೂಡ ನೋಡಿಸಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನೂ ಹೇಳಿ.

ತೂಕ ಇಳಿಯುತ್ತಿದ್ದರೆ, ರಾತ್ರಿ ಮೈಯೆಲ್ಲ ಬೆವರುತ್ತಿದ್ದರೆ, ಕುತ್ತಿಗೆ ಅಥವಾ ಕಂಕುಳಿನ ಗಡ್ಡೆ ಕರಗದಿದ್ದರೆ, ಜ್ವರ ಮತ್ತೆ ಮತ್ತೆ ಬಂದರೆ, ನಡೆದರೆ ಏದುಸಿರು ಅಥವಾ ಎದೆನೋವು ಬಂದರೆ ಕಾಯಬೇಡಿ. ಇವು "ಜ್ವರದ ಉಳಿಕೆ" ಎಂದು ಸುಮ್ಮನಾಗುವ ಲಕ್ಷಣಗಳಲ್ಲ.

ಮುಖ್ಯ ಗುರುತು

ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು ಆಯಾಸ ಆರು ತಿಂಗಳು ದಾಟಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಸ್ವಲ್ಪ ಹೆಚ್ಚು ಕೆಲಸ ಮಾಡಿದ ಮರುದಿನ ಅಥವಾ ಮೂರನೇ ದಿನ ನೀವು ಪೂರ್ತಿ ನೆಲಕಚ್ಚುತ್ತೀರಾ? ಉದಾಹರಣೆಗೆ, ಭಾನುವಾರ ಮದುವೆಮನೆಗೆ ಹೋಗಿ ನಗುನಗುತ್ತಾ ಎಲ್ಲರೊಡನೆ ಬೆರೆತು ಬಂದಿರಿ. ಸೋಮವಾರ ಹೇಗೋ ಕಳೆಯಿತು. ಮಂಗಳವಾರ ಎದ್ದು ಹಲ್ಲುಜ್ಜಲೂ ತ್ರಾಣವಿಲ್ಲ, ಮೈಕೈ ನೋವು, ತಲೆ ಮಂಜು ಮುಸುಕಿದಂತೆ. ಮನೆಯವರಿಗೆ ಕಾಣುವುದು ಮದುವೆಯಲ್ಲಿ ನಕ್ಕ ಮುಖ ಮಾತ್ರ. "ಅಲ್ಲಿಗೆ ಹೋಗಲು ಆಗುತ್ತದೆ, ಮನೆಗೆಲಸಕ್ಕೆ ಆಗುವುದಿಲ್ಲವೇ?" ಎಂಬ ಮಾತು ಹುಟ್ಟುವುದು ಇಲ್ಲೇ. ಶ್ರಮದ ನಂತರ ತಡವಾಗಿ ಬರುವ ಈ ಕುಸಿತವೇ ಈ ಕಾಯಿಲೆಯ ಮುಖ್ಯ ಗುರುತು. ಅದರೊಂದಿಗೆ ಎಷ್ಟು ಮಲಗಿದರೂ ತಣಿಯದ ನಿದ್ದೆ, ಮರೆವು, ನಿಂತರೆ ತಲೆಸುತ್ತು ಸೇರಿಕೊಳ್ಳಬಹುದು.

ಶಕ್ತಿಯನ್ನು ಲೆಕ್ಕವಿಟ್ಟು ಖರ್ಚು ಮಾಡಿ

ಇದನ್ನು ಒಂದೇ ಸಲಕ್ಕೆ ಗುಣಪಡಿಸುವ ಮಾತ್ರೆಯಿಲ್ಲ. ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ನೀರು ಮತ್ತು ಸಕ್ಕರೆ ಸಿಗುತ್ತದೆ, ಅಷ್ಟೆ. ಕೊರತೆ ಇಲ್ಲದವರಿಗೆ "ಶಕ್ತಿಯ ಇಂಜೆಕ್ಷನ್" ಬೇಕಿಲ್ಲ. ಬಲವಂತವಾಗಿ ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುವ ಪದ್ಧತಿ ಹಿಂದೆ ಇತ್ತು. ಅದನ್ನು ಇಂಥ ರೋಗಿಗಳಿಗೆ ಕೊಡಬಾರದೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2021ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಕೈಯಲ್ಲಿರುವ ದಾರಿ, ಇರುವ ಶಕ್ತಿಯನ್ನು ಅಳತೆ ಮಾಡಿ ಬಳಸುವುದು.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಏನು ಮಾಡಿದಿರಿ, ಎಷ್ಟು ಹೊತ್ತು, ಮರುದಿನ ಮತ್ತು ಮೂರನೇ ದಿನ ಹೇಗಿದ್ದಿರಿ. ನಿಮ್ಮ ಮಿತಿ ಅದರಿಂದಲೇ ತಿಳಿಯುತ್ತದೆ. ಬಳಿಕ ಹೀಗೆ ಮಾಡಿ:

ಮಿತಿ ಮುಟ್ಟುವ ಮೊದಲೇ ನಿಲ್ಲಿಸಿ. ಒಂದು ಗಂಟೆ ಕೆಲಸ ಮಾಡಿದರೆ ಕುಸಿಯುವವರು ಅರ್ಧ ಗಂಟೆಗೇ ಕೂತುಬಿಡಿ. ಸುಸ್ತಾದ ಮೇಲೆ ಮಲಗುವುದಕ್ಕಿಂತ ಸುಸ್ತಾಗುವ ಮೊದಲು ಕೂರುವುದು ಲಾಭ.

ಮೈ ಹಗುರವೆನಿಸಿದ ದಿನ ಹಳೆಯ ಬಾಕಿಯನ್ನೆಲ್ಲ ತೀರಿಸಲು ಹೋಗಬೇಡಿ. ಹೆಚ್ಚಿನವರು ಎಡವುವುದು ಅಂದೇ.

ಕೂತು ಮಾಡಬಹುದಾದ ಕೆಲಸವನ್ನು ನಿಂತು ಮಾಡಬೇಡಿ. ತರಕಾರಿ ಹೆಚ್ಚುವುದು, ಮೀನು ಶುಚಿ ಮಾಡುವುದು, ಪತ್ತಿರಿ ತಟ್ಟುವುದು ಎಲ್ಲ ಕೂತು ಆಗಲಿ. ಬಟ್ಟೆ ಒಗೆಯುವುದು ಮತ್ತು ನೆಲ ಒರೆಸುವುದು ಒಂದೇ ದಿನ ಬೇಡ.

ಓದು, ಲೆಕ್ಕ, ಮೊಬೈಲ್, ಜಗಳ ಇವೂ ಶಕ್ತಿ ತಿನ್ನುತ್ತವೆ. ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್ ಎಂದು ಓಡುವ ಮಗುವಿಗೆ ಇಂಥ ಆಯಾಸ ಬಂದರೆ ಉಸ್ತಾದರೊಡನೆ ಮತ್ತು ಶಿಕ್ಷಕರೊಡನೆ ಮಾತಾಡಿ ಹೊರೆ ಇಳಿಸಿ. ವೈದ್ಯರ ಪತ್ರ ಇಟ್ಟುಕೊಳ್ಳಿ.

ಮಲಗುವ ಮತ್ತು ಏಳುವ ಹೊತ್ತು ದಿನವೂ ಒಂದೇ ಇರಲಿ. ಸಂಜೆಯ ಮೇಲೆ ಕಾಫಿ, ಚಹಾ ಬೇಡ. ಕಾಫಿ ಬೆಳೆಯುವ ನಾಡಿನವರಿಗೆ ಇದು ಕಷ್ಟವೇ, ಆದರೆ ನಿದ್ದೆಗೆ ಇದು ಉಪಕಾರ.

ನಿಂತರೆ ತಲೆಸುತ್ತುವವರು ನೀರು, ಮಜ್ಜಿಗೆ, ಗಂಜಿ ಹೆಚ್ಚು ಕುಡಿಯಿರಿ, ಹಾಸಿಗೆಯಿಂದ ನಿಧಾನವಾಗಿ ಏಳಿ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿ.

ಇಬಾದತ್ತಿನಲ್ಲಿ ರಿಯಾಯಿತಿ

ಆಯಾಸಗೊಂಡವರನ್ನು ಹೆಚ್ಚು ಕಾಡುವುದು ಇಬಾದತ್ತಿನ ಚಿಂತೆ. ನಿಂತು ನಮಾಝ್ ಮಾಡಲಾಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡುವಂತೆ ಪ್ರವಾದಿ(ಸ)ರು ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿಕೊಟ್ಟರು. ವುಝೂಗೆ ಒಂದು ಸ್ಟೂಲ್ ಇಟ್ಟುಕೊಳ್ಳಿ, ಚಳಿಯಲ್ಲಿ ನೀರು ಬೆಚ್ಚಗಿರಲಿ. ಉಪವಾಸದ ಬಗ್ಗೆ ಕುರ್‌ಆನಿನ ಅಲ್‌ಬಕರ ಅಧ್ಯಾಯ ರೋಗಿಗೆ ಸ್ಪಷ್ಟ ವಿನಾಯಿತಿ ಕೊಟ್ಟಿದೆ: ಬಿಟ್ಟ ದಿನಗಳನ್ನು ಅನಂತರ ಪೂರ್ತಿಗೊಳಿಸಬಹುದು. ಉಪವಾಸ ಹಿಡಿದರೆ ನಿಮ್ಮ ಮೈ ಏನಾಗುತ್ತದೆಂದು ರಮಝಾನಿಗೆ ಮೊದಲೇ ವೈದ್ಯರಲ್ಲಿ ಕೇಳಿ, ಅವರ ಮಾತನ್ನು ನಿಮ್ಮ ಊರಿನ ಆಲಿಮರ ಮುಂದಿಟ್ಟು ಕಝಾ, ಫಿದ್ಯಗಳ ತೀರ್ಮಾನ ತಿಳಿದುಕೊಳ್ಳಿ.

ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲ ಕಾಯಿಲೆ ಬಿದ್ದಾಗಲೂ ದಾಸನ ಹೆಸರಿಗೆ ಬರೆಯಲ್ಪಡುತ್ತದೆ ಎಂಬ ಸುವಾರ್ತೆ ಬುಖಾರಿಯ ಹದೀಸಿನಲ್ಲಿದೆ. ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು, ವಿಪರೀತ ಉಪವಾಸ-ನಮಾಝ್‌ಗಳಲ್ಲಿ ತೊಡಗಿದ್ದ ತಮ್ಮ ಸಂಗಾತಿಗೆ ಪ್ರವಾದಿ(ಸ)ರು ತಿದ್ದಿ ಹೇಳಿದ್ದೂ ಇದೆ. ತರಾವೀಹ್‌ಗೆ ಹೋಗಲಾಗಲಿಲ್ಲವೆಂದು ಅಳುತ್ತಾ ಕೂರುವ ತಾಯಿಗೆ ಮನೆಯವರು ಈ ಮಾತುಗಳನ್ನು ನೆನಪಿಸಬೇಕು.

ಮನೆಯವರ ಪಾಲು

ಎಲ್ಲಕ್ಕಿಂತ ಮೊದಲ ಮದ್ದು ನಂಬುವುದು. "ಇವತ್ತು ಎಷ್ಟು ಆಗುತ್ತದೆ?" ಎಂದು ಕೇಳಿ, ಅವರು ಹೇಳಿದಷ್ಟಕ್ಕೆ ಒಪ್ಪಿ. ನೀರು ಹೊರುವುದು, ಸೌದೆ ತರುವುದು, ಮಕ್ಕಳ ಸ್ನಾನ ಇವನ್ನು ಗಂಡಸರು ವಹಿಸಿಕೊಂಡರೆ ಮರ್ಯಾದೆ ಕಡಿಮೆಯಾಗದು. ಪ್ರವಾದಿ(ಸ)ರು ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗುತ್ತಿದ್ದರೆಂದು ಆಯಿಶಾ(ರ)ರೇ ತಿಳಿಸಿದ್ದಾರೆ. ರೋಗಿಯನ್ನು ನೋಡಲು ಬರುವುದು ಪುಣ್ಯದ ಕೆಲಸ. ಆದರೆ ಹತ್ತು ನಿಮಿಷ ಕೂತು ಎದ್ದುಬಿಡಿ, ಚಹಾ-ತಿಂಡಿಯ ಹೊರೆ ಹೊರಿಸಬೇಡಿ.

ಎಷ್ಟೋ ತಿಂಗಳು ಹೀಗೇ ಕಳೆದವರಲ್ಲಿ ಬೇಸರ, ನಿರಾಶೆ ಹುಟ್ಟುವುದು ಸಹಜ. ಅದು ಈಮಾನಿನ ಕೊರತೆಯಲ್ಲ. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಬಾರದಂತೆ ಎಚ್ಚರ

ಗ್ರಂಥಿ ಜ್ವರ ಹರಡುವುದು ಎಂಜಲಿನಿಂದ. ಜ್ವರವಿರುವಾಗ ಲೋಟ, ಚಮಚ, ಮಿಸ್ವಾಕ್ ಬೇರೆ ಇರಲಿ. ಒಂದೇ ತಟ್ಟೆಯ ಊಟ ಅಷ್ಟು ದಿನ ಬೇಡ. ಈ ಜ್ವರದಲ್ಲಿ ಗುಲ್ಮ ಊದಿಕೊಳ್ಳುವುದುಂಟು. ವೈದ್ಯರು ಸರಿ ಎನ್ನುವವರೆಗೆ ಭಾರ ಎತ್ತುವುದು, ಕಬಡ್ಡಿ ಆಡುವುದು ಬೇಡ. ವರ್ಷಗಳ ನಂತರ ಉಳಿದ ಆಯಾಸ ಮಾತ್ರ ಅಂಟುವುದಿಲ್ಲ, ಅಂಥವರನ್ನು ದೂರ ಇಡಬೇಡಿ. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ತೊಡಿ, ಬಂದ ಕೂಡಲೇ ಬಿಸಿನೀರು-ಸೋಪಿನಿಂದ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಿ. ಮಂಗ ಸತ್ತುಬಿದ್ದದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಮನೆ ಸುತ್ತ ಅಡಿಕೆ ಹಾಳೆ, ಚಿಪ್ಪು, ಟಯರುಗಳಲ್ಲಿ ನಿಂತ ನೀರು ಚೆಲ್ಲಿ. ಯಾವುದೇ ಜ್ವರ ಬಂದರೂ ಬಿಟ್ಟ ಮರುದಿನವೇ ತೋಟಕ್ಕಿಳಿಯದೆ, ಮೈ ಒಪ್ಪುವವರೆಗೆ ವಿಶ್ರಾಂತಿ ಪಡೆಯಿರಿ.

ಇಂಥ ಆಯಾಸ ಅನೇಕರಲ್ಲಿ ನಿಧಾನವಾಗಿ ಇಳಿಯುತ್ತದೆ. ವಾರದಿಂದ ವಾರಕ್ಕೆ ಗೊತ್ತಾಗದು, ಆರು ತಿಂಗಳ ಹಿಂದಿನ ನೋಟ್‌ಬುಕ್ ತೆರೆದರೆ ಗೊತ್ತಾಗಬಹುದು. ಕೆಲವರಲ್ಲಿ ಸ್ವಲ್ಪ ಶಾಶ್ವತವಾಗಿಯೂ ಉಳಿಯಬಹುದು. ಆಗಲೂ ಮಿತಿಯೊಳಗೆ ಮನೆ ನಡೆಸಿ, ಮಕ್ಕಳನ್ನು ಬೆಳೆಸಿ, ಇಬಾದತ್ ಮಾಡಿ ಬಾಳಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ರೋಗಿಯ ಸಬ್ರ್ ಮಾತ್ರವಲ್ಲ, ಮನೆಯವರ ಸಬ್ರ್ ಕೂಡ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ, ಆಮೀನ್.