ಪೌರತ್ವದ ಫೀಸು: ಕಾರ್ಡು ಉಜ್ಜುವ ಮುಂಚೆ

ನೋಡಮ್ಮ, ಮೊನ್ನೆ ಫೋನಿನಲ್ಲಿ ನೀನಂದದ್ದು ಮನಸ್ಸಿನಲ್ಲೇ ಉಳಿದಿದೆ. ಅಪ್ಪ, ಅಮ್ಮ, ನೀನು, ಮೂವರ ಗ್ರೀನ್ ಕಾರ್ಡಿಗೂ ಐದು ವರ್ಷ ತುಂಬಿತು. ಅಮೆರಿಕದ ಪೌರತ್ವಕ್ಕೆ ಮೂರು ಎನ್-400 ಅರ್ಜಿ, ತಲೆಗೆ 760 ಡಾಲರ್. "ಕ್ರೆಡಿಟ್ ಕಾರ್ಡಿಗೇ ಹಾಕಿಬಿಡ್ತೀವಿ ದೊಡ್ಡಪ್ಪ" ಅಂದೆ. ಹಾಗೆ ಮಾಡಬೇಡ. ಆ 2,280 ಡಾಲರಿನ ಬಡ್ಡಿ ತೀರಿಸುತ್ತಾ ಕೂರುವವಳು ನೀನೇ.

ಈ ದರ ಬಂದದ್ದು 2024ರ ಏಪ್ರಿಲ್ 1ರಿಂದ. ಆನ್‌ಲೈನಿನಲ್ಲಿ ಹಾಕಿದರೆ 710. ಅದೇ ನಿಯಮದಲ್ಲಿ ಅರ್ಧ ಫೀಸಿನ ದಾರಿಯೂ ಇದೆ, ಜನಕ್ಕೆ ಗೊತ್ತಿಲ್ಲ ಅಷ್ಟೆ. ಮನೆಯ ಆದಾಯ ಸರ್ಕಾರದ ಬಡತನ ಮಟ್ಟದ ನಾಲ್ಕು ಪಟ್ಟು ಮೀರದಿದ್ದರೆ 380 ಡಾಲರ್ ಸಾಕು. 2025ರ ಪಟ್ಟಿಯಲ್ಲಿ, ತಮ್ಮನೂ ಸೇರಿ ನಿಮ್ಮ ಹಾಗೆ ನಾಲ್ಕು ಜನರ ಮನೆಗೆ ಆ ಮಟ್ಟ 32,150 ಇತ್ತು. ನಾಲ್ಕು ಪಟ್ಟು ಅಂದರೆ 1,28,600. ಯಾರೂ ಬಡವರು ಅನ್ನದ ಎಷ್ಟೋ ಮನೆಗಳು ಇದರೊಳಗೆ ಬರುತ್ತವೆ. ಗ್ಯಾಸ್ ಸ್ಟೇಷನ್ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುವ ನಿಮ್ಮಪ್ಪ, ಡೇಕೇರಿನಲ್ಲಿ ಅಡುಗೆ ಮಾಡುವ ನಿಮ್ಮಮ್ಮ, ಇಬ್ಬರ ಸಂಬಳ ಕೂಡಿಸಿದರೂ ಅದರ ಅರ್ಧ ಮುಟ್ಟುವುದಿಲ್ಲ. ಇದಕ್ಕೆ ಬೇರೆ ಫಾರಂ ಬೇಡ, ಎನ್-400ರಲ್ಲೇ ಕೇಳಬಹುದು. ಆದರೆ ಅರ್ಜಿ ಕಾಗದದಲ್ಲೇ ಹೋಗಬೇಕು.

ಆದಾಯ ಬಡತನ ಮಟ್ಟದ ಒಂದೂವರೆ ಪಟ್ಟಿನೊಳಗಿದ್ದರೆ, ಅಂದರೆ 2025ರ ಪಟ್ಟಿಯಂತೆ ನಿಮ್ಮ ಮನೆಗೆ 48,225 ಡಾಲರ್, ಪೂರ್ತಿ ಮಾಫಿಯನ್ನೇ ಕೇಳಬಹುದು. ಅದಕ್ಕೆ ಐ-912 ಅನ್ನೋ ಫಾರಂ. ಮೆಡಿಕೇಡ್, ಸ್ನ್ಯಾಪ್‌ನಂಥ ಸರ್ಕಾರಿ ನೆರವು ಪಡೆಯುವವರಿಗೂ ಇದೇ ದಾರಿ. ಅಂಥವರು ಬರಿ ಆ ಸೌಲಭ್ಯದ ಕಾರ್ಡಿನ ಜೆರಾಕ್ಸ್ ಇಟ್ಟು ಕಳಿಸಿ ಎಡವುತ್ತಾರೆ. ಯಾರ ಹೆಸರಿಗೆ, ಯಾವ ಸೌಲಭ್ಯ, ಯಾವ ಕಚೇರಿಯದು, ಈಗಲೂ ಸಿಗುತ್ತಿದೆಯೇ, ಇಷ್ಟೂ ಕಾಣುವ ಪತ್ರ ಬೇಕು. ನಿಮ್ಮದು ಆದಾಯದ ಲೆಕ್ಕವಾದ್ದರಿಂದ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್ ಇಡಬೇಕು. ತೆರಿಗೆ ಇಲಾಖೆ ಐಆರ್‌ಎಸ್ ಅದನ್ನು ಪುಕ್ಕಟೆ ಕೊಡುತ್ತದೆ. ಮಾಫಿ ಒಪ್ಪಿಗೆಯಾಗದಿದ್ದರೆ ಕಾಗದಪತ್ರ ವಾಪಸು ಬರುತ್ತದೆ, ದುಡ್ಡು ಕಟ್ಟಿ ಮತ್ತೆ ಹಾಕಬಹುದು. ಹೋಗುವುದು ಕೆಲವು ವಾರ ಮಾತ್ರ.

"ನೆರವು ಕೇಳಿದರೆ ಕೇಸೇ ಕೆಡುತ್ತೆ" ಅಂತ ನಿಮ್ಮಮ್ಮನಿಗೆ ಯಾರೋ ಹೇಳಿದ್ದಾರಲ್ಲ, ಅದನ್ನು ಅಲ್ಲೇ ಬಿಡು. ಸರ್ಕಾರಕ್ಕೆ ಹೊರೆಯಾಗುತ್ತಾರೋ ಅಂತ ನೋಡುವುದು ಗ್ರೀನ್ ಕಾರ್ಡಿನ ಹಂತದಲ್ಲಿ. ಪೌರತ್ವದ ಅರ್ಜಿಗೆ ಆ ನಿಯಮ ಅನ್ವಯಿಸುವುದಿಲ್ಲ. ಕೇಸು ಕೆಡುವುದು ಸುಳ್ಳು ಬರೆದರೆ. ಕೈಗೆ ನಗದಾಗಿ ಬರುವ ಸಂಬಳವನ್ನೂ ಬರೆಯಬೇಕು. ಗಡಿ ದಾಟಿದರೆ ಮಾಫಿ ಬಿಟ್ಟು ಅರ್ಧಕ್ಕೆ ಬಾ.

ನಿಮ್ಮಮ್ಮನಿಗೆ ಭಯಕ್ಕಿಂತ ನಾಚಿಕೆಯೇ ಜಾಸ್ತಿ, ನನಗೆ ಗೊತ್ತು. ನಮ್ಮ ಸಂಘದ ಯುಗಾದಿ ಊಟದಲ್ಲಿ ಎಲ್ಲರೂ ಸಾಫ್ಟ್‌ವೇರಿನವರೇ ಅನ್ನುವ ಹಾಗೆ ಮಾತು ನಡೆಯುತ್ತದೆ. ಒಡಹುಟ್ಟಿದವರು ಸ್ಪಾನ್ಸರ್ ಮಾಡಿ, ವರ್ಷಗಟ್ಟಲೆ ಕಾದು, ಐವತ್ತರ ಹತ್ತಿರ ಬಂದಿಳಿದು ಗಂಟೆ ಲೆಕ್ಕದಲ್ಲಿ ದುಡಿಯುವವರ ಸುದ್ದಿ ಎತ್ತುವವರಿಲ್ಲ. ಇದು ಕಾನೂನು ಬರೆದಿಟ್ಟ ಸೌಲಭ್ಯ ಕಣಮ್ಮ, ಸಂಘದವರ ಒಪ್ಪಿಗೆ ಯಾಕೆ?

ಈಗ ತಮ್ಮನ ವಿಷಯ. ಅವನಿಗೆ ಹದಿನಾರು, ಗ್ರೀನ್ ಕಾರ್ಡ್ ಇದೆ, ಅಪ್ಪ ಅಮ್ಮನ ಜೊತೆಗೇ ಇದ್ದಾನೆ. ಹದಿನೆಂಟು ತುಂಬುವುದರೊಳಗೆ ಇಬ್ಬರಲ್ಲಿ ಒಬ್ಬರು ಪೌರರಾದರೆ ಅವನು ತಾನಾಗಿಯೇ ಪೌರನಾಗುತ್ತಾನೆ, 2000ದ ಕಾನೂನು ಅದು. ಎನ್-600 ಪ್ರಮಾಣಪತ್ರಕ್ಕೆ ಸಾವಿರದ ಮುನ್ನೂರರ ಮೇಲಾಗುತ್ತೆ, ಅದರ ಗೊಡವೆ ಬೇಡ. ಪಾಸ್‌ಪೋರ್ಟ್ ಮಾಡಿಸಿದರೆ ಅದೇ ಪುರಾವೆ. ಹಾಗಾಗಿ ಒಂದೇ ಅರ್ಜಿಗೆ ದುಡ್ಡು ಹೊಂದುವ ಪಕ್ಷದಲ್ಲಿ ನಿನ್ನದನ್ನು ಹಿಂದಿಡು, ಅಮ್ಮನದನ್ನು ಮೊದಲು ಹಾಕು. ಅಪ್ಪನಿಗಿಂತ ಅವಳ ಇಂಗ್ಲಿಷ್ ವಾಸಿ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ: 128 ಪ್ರಶ್ನೆ ಓದಿರಬೇಕು, 20 ಕೇಳುತ್ತಾರೆ, 12 ಸರಿಯಾಗಬೇಕು. ಒಮ್ಮೆ ತಪ್ಪಿದರೆ ಫೀಸಿಲ್ಲದೆ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಕಟ್ಟಿದ್ದು ಹೋದಂತೆ. ರಾತ್ರಿ ಪಾತ್ರೆ ತೊಳೆಯುವಾಗ ನೀನು ಪಕ್ಕದಲ್ಲಿ ನಿಂತು ದಿನಕ್ಕೆ ಐದು ಪ್ರಶ್ನೆ ಕೇಳು, ಸಾಕು.

ಫಾರಂ ತುಂಬಿಕೊಡುತ್ತೇನೆ ಅಂತ ಮುನ್ನೂರು ನಾನ್ನೂರು ಕೇಳುವ ಏಜೆಂಟರಿಂದ ದೂರವಿರು. ಇಲ್ಲಿ ನೋಟರಿ ಅಂದರೆ ವಕೀಲನಲ್ಲ. ನ್ಯೂಯಾರ್ಕಿನಲ್ಲಾದರೆ ಕ್ಯೂನಿ ವಿಶ್ವವಿದ್ಯಾಲಯದ ಸಿಟಿಜನ್‌ಶಿಪ್ ನೌ 1997ರಿಂದ ಪುಕ್ಕಟೆ ಮಾಡಿಕೊಡುತ್ತಿದೆ. ಬೇರೆ ಊರುಗಳಲ್ಲಿ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸಂಸ್ಥೆಗಳಿವೆ, ಲೈಬ್ರರಿಯಲ್ಲಿ ವಿಚಾರಿಸು. ಮಾಫಿಗೂ ಅರ್ಧಕ್ಕೂ ಹೊಂದದವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದೂ ಉಂಟು. ದರ, ನಿಯಮ ಬದಲಾಗುತ್ತಿರುತ್ತವೆ. ಅರ್ಜಿ ಕಳಿಸುವ ದಿನ ವಲಸೆ ಇಲಾಖೆಯ ತಾಣದಲ್ಲೇ ಇನ್ನೊಮ್ಮೆ ನೋಡಿಕೋ.

ಒಂದು ಖರ್ಚು ಎಲ್ಲರೂ ಮರೆಯುತ್ತಾರೆ. ಇಲ್ಲಿ ಪ್ರಮಾಣವಚನ ಮುಗಿದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡಿಗೆ ತಲೆಗೆ 275 ಡಾಲರ್, ಮೇಲೆ ಸೇವಾ ಶುಲ್ಕ. ಅದಕ್ಕೆ ಮಾಫಿಯಿಲ್ಲ. ಈಗ ಉಳಿಯುವುದನ್ನು ಅದಕ್ಕೆ ಎತ್ತಿಡು. ಊರಿನ ತೋಟ ಅಜ್ಜನಿಂದ ಬಂದದ್ದು, ಇಟ್ಟುಕೊಳ್ಳಬಹುದು. ಹೊಸದಾಗಿ ಜಮೀನು ಕೊಳ್ಳುವ ಆಸೆಯಿದ್ದರೆ ನಿಮ್ಮಪ್ಪ ಮೊದಲೇ ಯೋಚಿಸಲಿ. ಭಾನುವಾರ ಬರುವಾಗ ಕಳೆದ ವರ್ಷದ ಟ್ಯಾಕ್ಸ್ ಕಾಗದ, ಇಬ್ಬರ ಪೇ ಸ್ಟಬ್ ಹಿಡಿದುಕೊಂಡು ಬಾ.