ಎಡಗಾಲಿನ ಪಾಠ: ಕಾರು ಕಲಿಯುವ ಮುನ್ನ

ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹಲವರಿಗೆ 18 ತುಂಬುತ್ತದೆ. ರಜೆಯಲ್ಲಿ ಏನು ಮಾಡುತ್ತೀರಿ ಎಂದರೆ ಅರ್ಧ ಕ್ಲಾಸು ಹೇಳುವುದು ಕಾರು ಕಲಿಯುತ್ತೇವೆ ಎಂದೇ. ಆದರೆ ಮೊದಲ ದಿನ ಕಾಡುವುದು ಸ್ಟೀರಿಂಗ್ ಅಲ್ಲ, ಕ್ಲಚ್.

ಅದು ಏಕಿದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಕಾರು ನಿಂತಿದ್ದರೂ ಸ್ಟಾರ್ಟ್ ಆದ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಚಕ್ರ ಮಾತ್ರ ನಿಂತಿರುತ್ತದೆ. ಇವೆರಡನ್ನೂ ಒಮ್ಮೆಲೇ ಜೋಡಿಸಿದರೆ ಕಾರು ಜಿಗಿದು ಆಫ್ ಆಗುತ್ತದೆ. ನಡುವೆ ಇರುವುದೇ ಕ್ಲಚ್ ಪ್ಲೇಟ್. ಪೆಡಲ್ ಪೂರ್ತಿ ಒತ್ತಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇರುವುದಿಲ್ಲ. ನಿಧಾನವಾಗಿ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಪ್ಲೇಟ್ ಜಾರುತ್ತಲೇ ಹಿಡಿಯತೊಡಗುತ್ತದೆ. ಎಂಜಿನ್ ಸದ್ದು ಭಾರವಾಗುತ್ತದೆ, ಕಾರು ಸಣ್ಣಗೆ ನಡುಗುತ್ತದೆ. ಇದೇ ಹಾಫ್ ಕ್ಲಚ್. ಅಲ್ಲಿ ಕಾಲನ್ನು ಒಂದೆರಡು ಕ್ಷಣ ತಡೆಯಬೇಕು. ಅಬ್ಬಾ ನಮ್ಮ ಭಾಯ್‌ಗೆ ಕಲಿಸುವಾಗ ಹೇಳುತ್ತಿದ್ದದ್ದು ಒಂದೇ ಮಾತು, "ಆಹಿಸ್ತಾ, ಆಹಿಸ್ತಾ." ಹಿಂದಿನ ಸೀಟಿನಲ್ಲಿ ಕೂತ ನನಗೆ ಅದು ಎಡಗಾಲಿಗೋ ಭಾಯ್‌ಗೋ ಗೊತ್ತಾಗುತ್ತಿರಲಿಲ್ಲ.

ಎಡಗಾಲಿಗೆ ಕ್ಲಚ್ ಬಿಟ್ಟು ಬೇರೆ ಕೆಲಸವಿಲ್ಲ. ಬ್ರೇಕ್, ಆಕ್ಸಿಲರೇಟರ್ ಎರಡೂ ಬಲಗಾಲಿನದು, ಆದ್ದರಿಂದ ಎರಡನ್ನೂ ಒಟ್ಟಿಗೆ ಒತ್ತಲಾಗದು. ಏರಿನಲ್ಲಿ ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಹಾಫ್ ಕ್ಲಚ್‌ಗೆ ತಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಾರು ಹಿಂದಕ್ಕೆ ಜಾರುವುದಿಲ್ಲ.

ಇಷ್ಟು ಓದಿ ಇವತ್ತೇ ಕೀ ಕೇಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರಿಗೆ 18 ತುಂಬಿರಲೇಬೇಕು. ಖಾಲಿ ಲೇಔಟಿನ ರಸ್ತೆ ಪರವಾಗಿಲ್ಲ ಎನ್ನುವವರಿದ್ದಾರೆ. ಜನರಿಗೆ ಓಡಾಡುವ ಹಕ್ಕಿರುವ ಜಾಗವೆಲ್ಲ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳವೇ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ನೋಡಿ. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷದವರೆಗೆ ಎಲ್‌ಎಲ್‌ಆರ್ ಕೂಡ ಸಿಗದು. ಮನೆಯ ಕಾರು ಬಾಡಿಗೆಗೆ ಓಡುವುದಾದರೆ ವರ್ಷದ ಸಂಪಾದನೆಯೇ ನಿಂತಂತೆ. ಡಿಎಲ್ ಇಲ್ಲದವರು ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಕಾಮರ್ಸ್‌ನವರಾದ ನಾವು ಈ ಲೆಕ್ಕವನ್ನು ಮನೆಯಲ್ಲಿ ವಿವರಿಸಬಹುದು. "ಅವನು ಚೆನ್ನಾಗಿಯೇ ಓಡಿಸುತ್ತಾನೆ" ಎಂದು ಕೀ ಕೊಡುವ ಮಾಮುಗಳು ಎಲ್ಲ ಮನೆಯಲ್ಲೂ ಇದ್ದಾರೆ.

18 ತುಂಬಿದ ಮೇಲೆ ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದು ಡಿಎಲ್ ಪರೀಕ್ಷೆಗೆ ಹೋಗಬಹುದು. ಅಷ್ಟರವರೆಗೆ ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್, ಪಕ್ಕದಲ್ಲಿ ಡಿಎಲ್ ಇರುವವರು ಕಡ್ಡಾಯ.

ಈಗ ನಮಗೆ ಸಾಧ್ಯವಿರುವುದು ಇಷ್ಟು. ಮನೆಯವರನ್ನು ಕೇಳಿ, ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂರುವುದು. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಮೇಲೆ. ಕ್ಲಚ್ ಒತ್ತಿ, ಕಣ್ಣು ಮುಂದಿಟ್ಟು, ಗೇರ್ ಲಿವರ್ ನೋಡದೆ ಒಂದರಿಂದ ಎರಡು, ಎರಡರಿಂದ ಮೂರು. ಮೂರರಿಂದ ಎರಡಕ್ಕೆ ತಡವರಿಸದೆ ಇಳಿಸಲು ನನಗೆ ನಾಲ್ಕು ಸಂಜೆ ಹಿಡಿಯಿತು.